ಸಣ್ಣ ಫ್ರಿಜ್ಜಿಗೆ ಇನ್ವರ್ಟರ್: ಆಯ್ಕೆಗೆ ಮುನ್ನ ಮಾಡಬೇಕಾದ ಲೆಕ್ಕ

ಕತಾರಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ವರ್ಟರಿನ ಪ್ರಶ್ನೆ ಎದುರಾಗುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಊರಿನಲ್ಲಿ ಇಬ್ಬರೇ ಇರುವ ತಂದೆತಾಯಿಯರ ಮನೆ. ಇನ್ನೊಂದು, ಚಳಿಗಾಲದಲ್ಲಿ ಸೀಲೈನ್ ಅಥವಾ ಖೋರ್ ಅಲ್ ಉದೈದ್ ಕಡೆಯ ಮರಳಿನಲ್ಲಿ ಗೆಳೆಯರೊಡನೆ ಹೂಡುವ ಡೇರೆ. ದೋಹಾದ ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುವುದೇ ಕಡಿಮೆ. ಇಲ್ಲಿನ ವಿದ್ಯುತ್ ಮತ್ತು ನೀರಿನ ನಿಗಮವಾದ ‘ಕಹ್ರಮಾ’ ಒದಗಿಸುವ ವಿದ್ಯುತ್ತು ಕಡುಬೇಸಿಗೆಯಲ್ಲಿಯೂ ಕೈಕೊಡುವುದು ಅಪರೂಪ. ಆದ್ದರಿಂದಲೇ ಇಲ್ಲಿ ಹಲವು ವರ್ಷ ಕಳೆದವರಿಗೆ ಕರೆಂಟು ಹೋದ ಮನೆಯ ಕಷ್ಟ ಮರೆತುಹೋಗಿರುತ್ತದೆ. ಊರಿಗೆ ಫೋನು ಮಾಡಿ, “ಒಂದು ಇನ್ವರ್ಟರ್ ಹಾಕಿಸಿಬಿಡಿ, ಹಣ ಕಳಿಸುತ್ತೇನೆ” ಎಂದು ಹೇಳಿ ನಿಶ್ಚಿಂತರಾಗುತ್ತೇವೆ.

ನಾನೂ ಹಾಗೆಯೇ ಮಾಡಿದ್ದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ 600 ವಿಎ ಸಾಮರ್ಥ್ಯದ ಒಂದು ಅಗ್ಗದ ಇನ್ವರ್ಟರನ್ನು ದೋಹಾದಿಂದಲೇ ಫೋನಿನಲ್ಲಿ ಆರಿಸಿ ಕೊಡಿಸಿದೆ. ದೀಪ, ಫ್ಯಾನುಗಳಿಗೆ ಅದು ಸಾಕಾಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟಿರಲಿಲ್ಲ. ಫ್ರಿಜ್ಜನ್ನು ಇನ್ವರ್ಟರಿಗೆ ಜೋಡಿಸಿದಾಗಲೆಲ್ಲ ಅದು ಕೀ ಕೀ ಎಂದು ಕೂಗಿ ನಿಂತುಹೋಗುತ್ತಿತ್ತು. ಫ್ರಿಜ್ಜಿನಲ್ಲಿ ಅಮ್ಮನ ಎರಡು ತಿಂಗಳ ಇನ್ಸುಲಿನ್ ಇತ್ತು. “ಕರೆಂಟ್ ಹೋಗಿ ಎರಡು ದಿನ ಆಯ್ತು ಕಣೋ. ಇನ್ಸುಲಿನ್ ಎಸೆಯೋದೋ, ತಗೊಳ್ಳೋದೋ ಹೇಳು” ಎಂದು ಅಮ್ಮ ಕೇಳಿದರು. ವೈದ್ಯನಾದ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಇನ್ವರ್ಟರಿನ ಆಯ್ಕೆಯೂ ತಪ್ಪಾಗಿತ್ತು. ಲೆಕ್ಕ ಹಾಕದೆ ನಿರ್ಧರಿಸಿದ್ದೇ ಎರಡು ತಪ್ಪುಗಳಿಗೂ ಕಾರಣ. ಆ ಲೆಕ್ಕಗಳನ್ನು ಒಂದೊಂದಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಒಂದೇ ಹೆಸರು, ಮೂರು ವಸ್ತುಗಳು

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬ್ಯಾಟರಿಯಲ್ಲಿರುವುದು ನೇರ ವಿದ್ಯುತ್ತು, ಅಂದರೆ ಡಿಸಿ. ಮನೆಯ ಉಪಕರಣಗಳಿಗೆ ಬೇಕಾದುದು ಪರ್ಯಾಯ ವಿದ್ಯುತ್ತು, ಅಂದರೆ ಎಸಿ. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಸೆಕೆಂಡಿಗೆ 50 ಬಾರಿ ಆವರ್ತಿಸುವ 230 ವೋಲ್ಟ್ ಎಸಿಯಾಗಿ ಪರಿವರ್ತಿಸುವ ಸಾಧನವೇ ಇನ್ವರ್ಟರ್.

ನಮ್ಮೂರಿನ ಅಂಗಡಿಗಳಲ್ಲಿ ‘ಇನ್ವರ್ಟರ್’ ಎಂದರೆ ಈ ಪರಿವರ್ತಕದ ಜೊತೆಗೆ ಬ್ಯಾಟರಿಯನ್ನು ಚಾರ್ಜ್ ಮಾಡುವ, ಕರೆಂಟು ಹೋದೊಡನೆ ತಾನಾಗಿಯೇ ಬ್ಯಾಟರಿಗೆ ಬದಲಾಗುವ ವ್ಯವಸ್ಥೆಯೂ ಸೇರಿದ ಹೋಮ್ ಯುಪಿಎಸ್. ದೋಹಾದ ಕಾರು ಸಾಮಗ್ರಿಗಳ ಅಂಗಡಿಯಲ್ಲಿ ಅದೇ ಪದಕ್ಕೆ ಕಾರಿನ ಬ್ಯಾಟರಿಗೆ ಜೋಡಿಸುವ, ಚಾರ್ಜರ್ ಇಲ್ಲದ ಪುಟ್ಟ ಪೆಟ್ಟಿಗೆ ಎಂದರ್ಥ. ಮೂರನೆಯದು ‘ಇನ್ವರ್ಟರ್ ಫ್ರಿಜ್’. ಇದರಲ್ಲಿ ಬ್ಯಾಟರಿ ಇರುವುದಿಲ್ಲ; ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಳಿಸುವ ಎಲೆಕ್ಟ್ರಾನಿಕ್ ನಿಯಂತ್ರಣ ಮಾತ್ರ ಇರುತ್ತದೆ. ಹೆಸರು ನೋಡಿ, ಕರೆಂಟು ಹೋದರೂ ಇದು ನಡೆಯುತ್ತದೆಂದು ನಂಬಿ ಕೊಂಡವರನ್ನು ನಾನು ಬಲ್ಲೆ. ಕರೆಂಟಿಲ್ಲದಾಗ ಅದೂ ನಿಲ್ಲುತ್ತದೆ. ಆದರೆ ಮುಂದೆ ನೋಡಲಿರುವಂತೆ, ಹೊರಗಿನ ಇನ್ವರ್ಟರಿಗೆ ಜೋಡಿಸಲು ಅದು ಬಹಳ ಒಳ್ಳೆಯ ಜೊತೆಗಾರ.

ಕಂಪ್ರೆಸರ್ ಹೊರಡುವ ಕ್ಷಣ

ಫ್ರಿಜ್ಜು ದಿನವಿಡೀ ಓಡುವ ಯಂತ್ರವಲ್ಲ. ಒಳಗಿನ ಉಷ್ಣತೆ ಏರಿದಾಗ ಕಂಪ್ರೆಸರ್ ಹೊರಡುತ್ತದೆ, ತಂಪಾದ ಮೇಲೆ ನಿಲ್ಲುತ್ತದೆ. ಒಂದು ಬಾಗಿಲಿನ ಸಣ್ಣ ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿರುವಾಗ ಸುಮಾರು 80ರಿಂದ 100 ವ್ಯಾಟ್ ಬಳಸುತ್ತದೆ, ಒಂದು ಫ್ಯಾನಿಗಿಂತ ತುಸು ಹೆಚ್ಚು. ಇಷ್ಟನ್ನೇ ನೋಡಿ 300 ವ್ಯಾಟಿನ ಇನ್ವರ್ಟರ್ ಧಾರಾಳ ಸಾಕೆಂದು ಭಾವಿಸುವುದು ಸಾಮಾನ್ಯ ತಪ್ಪು.

ನಿಂತಿರುವ ಮೋಟಾರನ್ನು ತಿರುಗಿಸುವುದು ತಿರುಗುತ್ತಿರುವುದನ್ನು ತಿರುಗಿಸುತ್ತಲೇ ಇರುವುದಕ್ಕಿಂತ ಕಷ್ಟ. ಹಳೆಯ ಮಾದರಿಯ ಕಂಪ್ರೆಸರ್ ಹೊರಡುವಾಗ ಒಂದು ಸೆಕೆಂಡಿಗೂ ಕಡಿಮೆ ಕಾಲ, ಓಡುವಾಗಿನ ಐದರಿಂದ ಎಂಟು ಪಟ್ಟು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ಗೋಡೆಯ ಪ್ಲಗ್ಗಿನಿಂದ ಬಂದಾಗ ಇದು ನಮ್ಮ ಗಮನಕ್ಕೇ ಬರುವುದಿಲ್ಲ. ಹೆಚ್ಚೆಂದರೆ ದೀಪ ಒಮ್ಮೆ ಮಿಣುಕುತ್ತದೆ. ಸಣ್ಣ ಇನ್ವರ್ಟರ್ ಮಾತ್ರ ಇದನ್ನು ಅತಿಭಾರವೆಂದು ತಿಳಿದು ತನ್ನನ್ನು ತಾನು ಆರಿಸಿಕೊಳ್ಳುತ್ತದೆ.

ಇದರೊಡನೆ ವ್ಯಾಟ್ ಮತ್ತು ವಿಎ (ವೋಲ್ಟ್-ಆಂಪಿಯರ್) ಎಂಬ ಎರಡು ಅಳತೆಗಳ ವ್ಯತ್ಯಾಸವನ್ನೂ ತಿಳಿದಿರಬೇಕು. ಮೋಟಾರುಗಳು ಎಳೆಯುವ ಪ್ರವಾಹವೆಲ್ಲವೂ ಉಪಯುಕ್ತ ಕೆಲಸವಾಗುವುದಿಲ್ಲ. ಎಳೆದುದರಲ್ಲಿ ಕೆಲಸವಾಗುವ ಪಾಲನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಹಳೆಯ ಮಾದರಿಯ ಸಣ್ಣ ಕಂಪ್ರೆಸರಿನಲ್ಲಿ ಅದು 0.6ರಿಂದ 0.7ರಷ್ಟಿದ್ದರೆ, 80 ವ್ಯಾಟಿನ ಕೆಲಸಕ್ಕೆ ಇನ್ವರ್ಟರ್ ಒದಗಿಸಬೇಕಾದುದು ಸುಮಾರು 120 ವಿಎ. ಹೊರಡುವ ಕ್ಷಣದಲ್ಲಿ ಅದು 600ರಿಂದ 1,000 ವಿಎ ಮುಟ್ಟುತ್ತದೆ. ನಮ್ಮ ಮನೆಯ 600 ವಿಎ ಇನ್ವರ್ಟರ್ ಕೂಗಿ ನಿಂತದ್ದು ಇದಕ್ಕೇ.

ಆದ್ದರಿಂದ ಸಾಮಾನ್ಯ ಕಂಪ್ರೆಸರಿನ ಸಣ್ಣ ಫ್ರಿಜ್ಜಿಗೆ ಒಳ್ಳೆಯ ಗುಣಮಟ್ಟದ 1,000 ವಿಎ ಆಸುಪಾಸಿನ ಇನ್ವರ್ಟರ್ ಬೇಕು. ಕೊಳ್ಳುವಾಗ ‘ಕ್ಷಣಿಕ ಸಾಮರ್ಥ್ಯ’ವನ್ನು, ಅಂಗಡಿಯವರ ಮಾತಿನಲ್ಲಿ ಸರ್ಜ್ ಅಥವಾ ಪೀಕ್ ಎನ್ನುವುದನ್ನು, ಪ್ರತ್ಯೇಕವಾಗಿ ಕೇಳಬೇಕು. ಅಗ್ಗದ ಕಾರು ಇನ್ವರ್ಟರುಗಳ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಅನೇಕ ಸಲ ಆ ಕ್ಷಣಿಕ ಅಂಕಿಯೇ. ನಿರಂತರ ಸಾಮರ್ಥ್ಯ ಅದರ ಅರ್ಧದಷ್ಟಿರಬಹುದು. ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜಾದರೆ ಮೋಟಾರು ನಿಧಾನವಾಗಿ ವೇಗ ಏರಿಸಿಕೊಳ್ಳುವುದರಿಂದ ಈ ಹಠಾತ್ ಎಳೆತ ಬಹುಮಟ್ಟಿಗೆ ಇರುವುದಿಲ್ಲ. ಹಳೆಯ ಫ್ರಿಜ್ಜನ್ನು ಹೇಗಿದ್ದರೂ ಬದಲಿಸಬೇಕಾಗಿದ್ದರೆ ದೊಡ್ಡ ಇನ್ವರ್ಟರಿಗೆ ಹಾಕುವ ಹಣವನ್ನು ಅಂಥ ಫ್ರಿಜ್ಜಿಗೆ ಹಾಕುವುದು ಜಾಣತನ.

ಫ್ರಾಸ್ಟ್-ಫ್ರೀ ಮಾದರಿಯ ಫ್ರಿಜ್ಜುಗಳಲ್ಲಿ ಹಿಮ ಕರಗಿಸುವ ಹೀಟರ್ ಒಂದಿರುತ್ತದೆ. ಅದು ಆಗಾಗ ಸ್ವಲ್ಪ ಹೊತ್ತು ಕಂಪ್ರೆಸರಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಬ್ಯಾಟರಿಯ ಮೇಲೆ ನಡೆಸಲು, ಕೈಯಿಂದ ಹಿಮ ತೆಗೆಯಬೇಕಾದ ಡೈರೆಕ್ಟ್ ಕೂಲ್ ಮಾದರಿಯೇ ಹೆಚ್ಚು ಸೂಕ್ತ.

ತರಂಗದ ಆಕಾರ

ವಿದ್ಯುತ್ ಕಂಪನಿಯಿಂದ ಬರುವ ಪರ್ಯಾಯ ವಿದ್ಯುತ್ತು ನಯವಾಗಿ ಏರಿ ಇಳಿಯುವ ಸೈನ್ ತರಂಗ. ಅಗ್ಗದ ಇನ್ವರ್ಟರುಗಳು ಕೊಡುವುದು ಮೆಟ್ಟಿಲಿನಂತೆ ಹಠಾತ್ತನೆ ಏರಿಳಿಯುವ ಚೌಕ ತರಂಗ. ಇದಕ್ಕೆ ‘ಮಾಡಿಫೈಡ್ ಸೈನ್ ವೇವ್’ ಎಂಬ ಗೌರವದ ಹೆಸರೂ ಉಂಟು. ದೀಪಕ್ಕೆ, ಫೋನ್ ಚಾರ್ಜರಿಗೆ ಇದು ಹೇಗೋ ನಡೆಯುತ್ತದೆ. ಮೋಟಾರಿಗೆ ಹಾಗಲ್ಲ. ಚೌಕ ತರಂಗದಲ್ಲಿ ಸೇರಿರುವ ಅನಗತ್ಯ ಆವರ್ತನಗಳು ಮೋಟಾರನ್ನು ತಿರುಗಿಸುವ ಬದಲು ಅದರ ಸುರುಳಿಯನ್ನು ಬಿಸಿ ಮಾಡುತ್ತವೆ. ಕಂಪ್ರೆಸರ್ ಗುಂಯ್‌ಗುಡುತ್ತದೆ, ಹೊರಡಲು ತಿಣುಕುತ್ತದೆ, ಕಾಲಕ್ರಮದಲ್ಲಿ ಸುಟ್ಟುಹೋಗಲೂಬಹುದು. ಫ್ರಿಜ್ಜಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಬೇಕು. ಇದರಲ್ಲಿ ರಾಜಿ ಸಲ್ಲದು.

ಬ್ಯಾಟರಿ: ಎಷ್ಟು ಗಂಟೆ?

ಫ್ರಿಜ್ಜನ್ನು ಹೊರಡಿಸುವುದು ಇನ್ವರ್ಟರಿನ ಶಕ್ತಿ. ಓಡಿಸುತ್ತಿರುವುದು ಬ್ಯಾಟರಿಯ ಸಂಗ್ರಹ. ಇದರ ಲೆಕ್ಕಕ್ಕೆ ಬೇಕಾದ ಅಂಕಿ ಭಾರತದಲ್ಲಿ ಮಾರಾಟವಾಗುವ ಪ್ರತಿ ಫ್ರಿಜ್ಜಿನ ನಕ್ಷತ್ರ ಚೀಟಿಯ ಮೇಲೆಯೇ ಇದೆ. ಇಂಧನ ದಕ್ಷತಾ ಬ್ಯೂರೋದ ಆ ಚೀಟಿಯಲ್ಲಿ ಫ್ರಿಜ್ಜು ವರ್ಷಕ್ಕೆ ಬಳಸುವ ಯೂನಿಟ್ಟುಗಳ ಸಂಖ್ಯೆ ಅಚ್ಚಾಗಿರುತ್ತದೆ.

ಉದಾಹರಣೆಗೆ ಚೀಟಿಯಲ್ಲಿ 180 ಯೂನಿಟ್ ಎಂದಿದೆಯೆನ್ನೋಣ. 365ರಿಂದ ಭಾಗಿಸಿದರೆ ದಿನಕ್ಕೆ ಅರ್ಧ ಯೂನಿಟ್, ಅಂದರೆ ಸುಮಾರು 490 ವ್ಯಾಟ್-ಅವರ್. ಗಂಟೆಗೆ ಸರಾಸರಿ 20 ವ್ಯಾಟ್-ಅವರ್. ಹನ್ನೆರಡು ಗಂಟೆಗೆ 240ಕ್ಕೆ ತುಸು ಮೇಲೆ. ಬಿಸಿ ಅಡುಗೆಮನೆ, ಪದೇಪದೇ ತೆರೆಯುವ ಬಾಗಿಲುಗಳ ಸಲುವಾಗಿ ಇದನ್ನು ಒಂದೂವರೆ ಪಟ್ಟು ಮಾಡಿದರೆ 370. ಪರಿವರ್ತನೆಯಲ್ಲಿ ಶೇಕಡಾ 20ರಷ್ಟು ಸೋರಿಹೋಗುತ್ತದೆಂದರೆ ಬ್ಯಾಟರಿಯಿಂದ ತೆಗೆಯಬೇಕಾದುದು ಸುಮಾರು 460. ಇನ್ವರ್ಟರ್ ಸುಮ್ಮನೆ ಚಾಲೂ ಇರುವುದಕ್ಕೇ ಗಂಟೆಗೆ ಹತ್ತು ಹನ್ನೆರಡು ವ್ಯಾಟ್ ಬಳಸುತ್ತದೆ. ಅದಕ್ಕೆ 140 ಸೇರಿಸಿ. ಒಟ್ಟು 600 ವ್ಯಾಟ್-ಅವರ್. ಸಣ್ಣ ಫ್ರಿಜ್ಜಿನ ಲೆಕ್ಕದಲ್ಲಿ ಇನ್ವರ್ಟರಿನ ಈ ಸ್ವಂತ ಖರ್ಚು ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಬಹುಮಂದಿ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ಬ್ಯಾಟರಿ. 12 ವೋಲ್ಟಿನ, 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಪ್ರತಿ ಸಲವೂ ಬರಿದು ಮಾಡಿದರೆ ಅದು ಬೇಗನೆ ಸಾಯುತ್ತದೆ. ಶೇಕಡಾ 60ರಷ್ಟನ್ನು ಮಾತ್ರ ಬಳಸುವುದೆಂದರೆ ನಮ್ಮ ಕೈಗೆ ಸಿಗುವುದು 1,080. ಅಂದರೆ ಒಂದು ರಾತ್ರಿ ಫ್ರಿಜ್ಜಿನೊಂದಿಗೆ ನಾಲ್ಕಾರು ಎಲ್‌ಇಡಿ ದೀಪ ಮತ್ತು ಕೆಲವು ಗಂಟೆ ಒಂದು ಫ್ಯಾನು ಆರಾಮವಾಗಿ ನಡೆಯುತ್ತವೆ. ಎರಡು ಹಗಲು ಎರಡು ರಾತ್ರಿಗೆ ಫ್ರಿಜ್ಜೊಂದಕ್ಕೇ 2,400 ಬೇಕು. ಒಂದು ಬ್ಯಾಟರಿಯಿಂದ ಅದು ಆಗದ ಮಾತು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ನಿಲುಗಡೆ ದಿನಗಟ್ಟಲೆ ಇರುವುದುಂಟಾದ್ದರಿಂದ ಈ ಮಿತಿಯನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹಗುರ, ಇರುವುದರಲ್ಲಿ ಶೇಕಡಾ 80ರಿಂದ 90ನ್ನು ಬಳಸಬಹುದು, ನೀರು ತುಂಬಬೇಕಿಲ್ಲ. ಬೆಲೆ ಮಾತ್ರ ಹೆಚ್ಚು. ವಯಸ್ಸಾದವರಿಬ್ಬರೇ ಇರುವ ಮನೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಕುವವರು ಯಾರೆಂದು ಯೋಚಿಸಿದಾಗ ಆ ಬೆಲೆ ಅಷ್ಟು ದುಬಾರಿಯೆನಿಸುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನೇ ಆರಿಸಿದರೆ ಅದನ್ನು ಗಾಳಿಯಾಡುವ ಜಾಗದಲ್ಲಿಡಬೇಕು. ಚಾರ್ಜಾಗುವಾಗ ಹೊಮ್ಮುವ ಜಲಜನಕ ಕಿಡಿ ತಗುಲಿದರೆ ಸಿಡಿಯುತ್ತದೆ. ಒಳಗಿರುವುದು ಗಂಧಕಾಮ್ಲ. ಕಣ್ಣಿಗೆ ಸಿಡಿದರೆ ಮೊದಲ ಚಿಕಿತ್ಸೆ ಹರಿಯುವ ನೀರು, ಕನಿಷ್ಠ ಇಪ್ಪತ್ತು ನಿಮಿಷ. ಆಸ್ಪತ್ರೆಗೆ ಹೊರಡುವುದು ಆಮೇಲೆ. ಸೆಕೆಯೂ ಸೀಸದ ಬ್ಯಾಟರಿಯ ವೈರಿ. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ರೂಢಿಯ ಲೆಕ್ಕ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಮಾಳಿಗೆಯ ಕೆಳಗಿನ ಬಿಸಿ ಕೋಣೆಯಲ್ಲಿ ಬ್ಯಾಟರಿ ಇಡುವವರು ಇದನ್ನು ನೆನಪಿನಲ್ಲಿಡಬೇಕು.

ಊರಿನ ಮನೆಯಲ್ಲಿ ಜೋಡಣೆ

ಸರಿಯಾದ ಇನ್ವರ್ಟರ್ ಬಂದಮೇಲೂ ಫ್ರಿಜ್ಜು ನಡೆಯದಿರಬಹುದು. ಕಾರಣ ಮನೆಯ ವೈರಿಂಗ್. ಸಾಮಾನ್ಯವಾಗಿ ಇನ್ವರ್ಟರಿನ ಲೈನನ್ನು ದೀಪ, ಫ್ಯಾನುಗಳಿಗೆ ಮಾತ್ರ ಎಳೆದಿರುತ್ತಾರೆ. ಫ್ರಿಜ್ಜಿನ ಪ್ಲಗ್ ಪಾಯಿಂಟಿಗೆ ಪ್ರತ್ಯೇಕ ಲೈನ್ ಹಾಕಿಸಬೇಕು, ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿಸಬೇಕು. ಆ ಲೈನಿಗೆ ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆಗಳು ಸೇರದಂತೆ ನೋಡಿಕೊಳ್ಳಬೇಕು.

ಹೋಮ್ ಯುಪಿಎಸ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಸ್ವಿಚ್ಚಿರುತ್ತದೆ. ಅದನ್ನು ಯುಪಿಎಸ್ ಸ್ಥಿತಿಯಲ್ಲಿಟ್ಟರೆ ಹೊರಗಿನ ವೋಲ್ಟೇಜು ಸುಮಾರು 180ಕ್ಕಿಂತ ಇಳಿದೊಡನೆ ಯಂತ್ರ ಬ್ಯಾಟರಿಗೆ ಬದಲಾಗುತ್ತದೆ. ಇನ್ನೊಂದು ಸ್ಥಿತಿಯಲ್ಲಿ ಸುಮಾರು 100 ವೋಲ್ಟಿಗೆ ಇಳಿಯುವವರೆಗೂ ಬಂದ ವಿದ್ಯುತ್ತನ್ನೇ ಮುಂದಕ್ಕೆ ಕಳಿಸುತ್ತದೆ. ದೀಪಕ್ಕೆ ಅದು ಸರಿ. ಫ್ರಿಜ್ಜಿನ ಕಂಪ್ರೆಸರಿಗೆ ಕಡಿಮೆ ವೋಲ್ಟೇಜು ಅಪಾಯಕಾರಿ. ಹಳ್ಳಿಯ ಕೊನೆಯ ಕಂಬದ ಮನೆಗಳಲ್ಲಿ, ಸಂಜೆ ಹೊತ್ತು ವೋಲ್ಟೇಜು ಕುಸಿಯುವ ಕಡೆಗಳಲ್ಲಿ, ಇನ್ವರ್ಟರಿಗಿಂತ ಮೊದಲು ಬೇಕಾದುದು ಒಂದು ಒಳ್ಳೆಯ ಸ್ಟೆಬಿಲೈಸರ್. ಅದರಲ್ಲಿ ಕೆಲವು ನಿಮಿಷಗಳ ವಿಳಂಬದ ಸೌಲಭ್ಯ ಇರಲಿ. ಕಂಪ್ರೆಸರ್ ನಿಂತೊಡನೆ ಮತ್ತೆ ಹೊರಡಿಸಿದರೆ ಒಳಗಿನ ಅನಿಲದ ಒತ್ತಡ ಸಮವಾಗಿರದೆ ಮೋಟಾರು ಸಿಕ್ಕಿಕೊಂಡು ನಿಲ್ಲುತ್ತದೆ. ಕೈಯಿಂದ ಸ್ವಿಚ್ ಹಾಕುವವರೂ ಐದು ನಿಮಿಷ ಕಾಯುವುದು ಒಳ್ಳೆಯದು.

ಛಾವಣಿಯ ಮೇಲೆ ಸೌರಫಲಕ ಇರುವವರಿಗೆ ಒಂದು ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ನಂತರ ಅನೇಕರು ಊರಿನ ಮನೆಗೆ ಫಲಕ ಹಾಕಿಸಿದ್ದಾರೆ. ಬ್ಯಾಟರಿಯಿಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಸೇರಿದ ಸೌರ ವ್ಯವಸ್ಥೆ, ಕರೆಂಟು ಹೋದಾಗ ಕಣ್ಣು ಕುಕ್ಕುವ ಬಿಸಿಲಿದ್ದರೂ ನಿಂತುಬಿಡುತ್ತದೆ. ತಂತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಷಾಕ್ ಹೊಡೆಯದಿರಲೆಂದು ಹಾಗೆ ರೂಪಿಸಿದ್ದಾರೆ. ಫ್ರಿಜ್ಜು ನಡೆಯಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಯೇ ಬೇಕು.

ಕತಾರಿನ ಮರಳಿನಲ್ಲಿ

ಇನ್ನು ಎರಡನೆಯ ಸಂದರ್ಭ. ಕತಾರಿನಲ್ಲಿ ಚಳಿಗಾಲದ ತಿಂಗಳುಗಳು ಡೇರೆಯ ಋತು. ಊರಿನ ಮನೆಯಲ್ಲಿ ವಿದ್ಯುತ್ತು ಹೋಗಿ ಬರುತ್ತದೆ. ಮರಳಿನಲ್ಲಿ ಅದು ಇರುವುದೇ ಇಲ್ಲ. ಹೀಗಾಗಿ ಲೆಕ್ಕವೂ ಬೇರೆ.

ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10ರಿಂದ 15 ಆಂಪಿಯರ್. 12 ವೋಲ್ಟಿನಲ್ಲಿ ಅದರಿಂದ ದೊರೆಯುವುದು ಹೆಚ್ಚೆಂದರೆ 120ರಿಂದ 180 ವ್ಯಾಟ್. ಮನೆಯ ಪುಟ್ಟ ಫ್ರಿಜ್ಜು ಓಡಲು ಇದು ಸಾಕು, ಹೊರಡಲು ಸಾಲದು, ಫ್ಯೂಸು ಹಾರುತ್ತದೆ. ದೊಡ್ಡ ಇನ್ವರ್ಟರನ್ನು ನೇರವಾಗಿ ಬ್ಯಾಟರಿಗೇ ಜೋಡಿಸಬೇಕು. 1,000 ವ್ಯಾಟಿಗೆ 12 ವೋಲ್ಟಿನಲ್ಲಿ ಹರಿಯುವ ಪ್ರವಾಹ ಸುಮಾರು 100 ಆಂಪಿಯರ್. ಅದಕ್ಕೆ ದಪ್ಪನೆಯ, ಗಿಡ್ಡನೆಯ ತಾಮ್ರದ ಕೇಬಲ್ಲು ಮತ್ತು ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕಡ್ಡಾಯ. ತೆಳು ಕೇಬಲ್ಲು ಬಿಸಿಯಾಗಿ ಬೆಂಕಿಗೆ ಕಾರಣವಾಗುತ್ತದೆ.

ಆದರೆ ಇಲ್ಲಿ ಇನ್ವರ್ಟರೇ ಬೇಕೆ ಎಂಬುದು ಮೊದಲ ಪ್ರಶ್ನೆ. 12 ವೋಲ್ಟಿನಲ್ಲಿಯೇ ನೇರವಾಗಿ ನಡೆಯುವ ಕಂಪ್ರೆಸರ್ ಫ್ರಿಜ್ಜುಗಳು ದೋಹಾದ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡು ಫ್ರಿಜ್ಜುಗಳೂ ಗಂಟೆಗೆ ಸರಾಸರಿ 25 ವ್ಯಾಟ್ ಬಳಸುತ್ತವೆಂದು ಹಿಡಿಯೋಣ. 12 ವೋಲ್ಟಿನದಕ್ಕೆ ದಿನಕ್ಕೆ 600 ವ್ಯಾಟ್-ಅವರ್ ಸಾಕು. ಮನೆಯ ಫ್ರಿಜ್ಜನ್ನು ಇನ್ವರ್ಟರ್ ಮೂಲಕ ನಡೆಸಿದರೆ ಪರಿವರ್ತನೆಯ ನಷ್ಟ, ಇನ್ವರ್ಟರಿನ ಸ್ವಂತ ಖರ್ಚು ಎಲ್ಲ ಸೇರಿ 950ರ ಹತ್ತಿರ. 100 ಆಂಪಿಯರ್-ಅವರಿನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಮೊದಲನೆಯದು ಎರಡು ದಿನಕ್ಕೆ ಸ್ವಲ್ಪ ಕಡಿಮೆ, ಎರಡನೆಯದು ಒಂದು ದಿನಕ್ಕೆ ಸ್ವಲ್ಪ ಹೆಚ್ಚು ಕಾಲ ನಡೆಯುತ್ತದೆ. ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ಮರಳಿಗೆ ಹೋಗುವವರಿಗೆ ಇನ್ವರ್ಟರ್ ಕೊಳ್ಳದಿರುವುದೇ ಸರಿಯಾದ ಆಯ್ಕೆ. ಅಗ್ಗದ ಥರ್ಮೋಎಲೆಕ್ಟ್ರಿಕ್ ತಂಪುಪೆಟ್ಟಿಗೆಗಳು ಮಾತ್ರ ಬೇರೆ ಜಾತಿ. ಅವು ಹೊರಗಿನ ಉಷ್ಣತೆಗಿಂತ 15–20 ಡಿಗ್ರಿಯಷ್ಟು ತಂಪು ಮಾಡಬಲ್ಲವು ಅಷ್ಟೆ. ಹೊರಗೆ 40 ಇದ್ದರೆ ಒಳಗೆ 20. ಪಾನೀಯಕ್ಕೆ ಸರಿ, ಔಷಧಿಗಲ್ಲ.

ಕಾರನ್ನು ಹೊರಡಿಸುವ ಬ್ಯಾಟರಿಯಿಂದಲೇ ರಾತ್ರಿಯಿಡೀ ಫ್ರಿಜ್ಜು ನಡೆಸಬಾರದು. ಅದು ಒಮ್ಮೆಲೇ ದೊಡ್ಡ ಪ್ರವಾಹ ಕೊಡಲು ಮಾಡಿದ್ದು, ನಿಧಾನವಾಗಿ ಬರಿದಾಗಲು ಅಲ್ಲ. ಬೆಳಿಗ್ಗೆ ಕಾರು ಹೊರಡದಿದ್ದರೆ ಮರಳಿನ ನಡುವೆ ನೆರವು ದೂರವಿರುತ್ತದೆ. ಪ್ರತ್ಯೇಕ ಬ್ಯಾಟರಿ ಇರಲಿ.

ವೈದ್ಯನಾಗಿ ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬ್ಯಾಟರಿ ಇಳಿಯಿತೆಂದು ಇಂಜಿನ್ ಚಾಲೂ ಇಟ್ಟು ಕಾರಿನೊಳಗೆ ಮಲಗುವುದು, ಜನರೇಟರನ್ನು ಡೇರೆಯ ಬಾಗಿಲಿನಲ್ಲಿಡುವುದು ಇವೆರಡೂ ಪ್ರಾಣಕ್ಕೆ ಎರವಾಗಬಲ್ಲವು. ಹೊಗೆಕೊಳವೆ ಮರಳಿನಲ್ಲಿ ಹೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಅದರ ಮೊದಲ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಅವೂ ತಿಳಿಯುವುದಿಲ್ಲ. ಜನರೇಟರ್ ಡೇರೆಯಿಂದ ದೂರದಲ್ಲಿ, ಹೊಗೆ ಡೇರೆಯ ಕಡೆಗೆ ಬೀಸದ ದಿಕ್ಕಿನಲ್ಲಿರಬೇಕು.

ವಿಮಾನದಲ್ಲಿ ಒಯ್ಯಬಹುದೆ?

ಕತಾರಿನ ವಿದ್ಯುತ್ತು 240 ವೋಲ್ಟ್, ಭಾರತದ್ದು 230. ಎರಡೂ ಕಡೆ ಆವರ್ತನ 50. ಆದ್ದರಿಂದ ಇಲ್ಲಿ ಕೊಂಡ ಉಪಕರಣ ಅಲ್ಲಿ ನಡೆಯುತ್ತದೆ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಆದರೆ ಬ್ಯಾಟರಿಯ ವಿಷಯ ಹಾಗಲ್ಲ. ಪ್ರಯಾಣಿಕರು 100 ವ್ಯಾಟ್-ಅವರಿನವರೆಗಿನ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಅದಕ್ಕಿಂತ ದೊಡ್ಡದಕ್ಕೆ ಅವಕಾಶವಿಲ್ಲ. ಬಿಡಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು. ಫ್ರಿಜ್ಜು ನಡೆಸಬಲ್ಲ ‘ಪವರ್ ಸ್ಟೇಷನ್’ ಪೆಟ್ಟಿಗೆಗಳೆಲ್ಲ ಈ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತವೆ. ಊರಿನ ಮನೆಗೆ ಬೇಕಾದುದನ್ನು ಊರಿನಲ್ಲಿಯೇ ಕೊಳ್ಳಬೇಕು. ಕೆಟ್ಟಾಗ ಬಂದು ನೋಡುವವರೂ ಹತ್ತಿರದಲ್ಲಿರುತ್ತಾರೆ.

ತಂಪಾಗಿರಬೇಕಾದುದು ಯಾವುದು?

ಈಗ ಅಮ್ಮನ ಪ್ರಶ್ನೆಗೆ ಮರಳುತ್ತೇನೆ. ಎಸೆದುಬಿಡಿ ಎಂದು ನಾನು ಹೇಳಿದೆ. ಎರಡು ದಿನ ಕರೆಂಟಿಲ್ಲದ ಫ್ರಿಜ್ಜಿನ ಇನ್ಸುಲಿನ್ ಕೆಟ್ಟಿರುತ್ತದೆಂಬ ಭಯ ನನ್ನದು. ಅಮ್ಮ ಎಸೆದರು. ದಾರಿಗೆ ಅಡ್ಡ ಮರ ಬಿದ್ದಿದ್ದರಿಂದ ಹೊಸದು ಬರಲು ಒಂದೂವರೆ ದಿನ ಹಿಡಿಯಿತು. ಆ ವೇಳೆಗೆ ಅವರ ರಕ್ತದ ಸಕ್ಕರೆ 400 ದಾಟಿ ಶಿವಮೊಗ್ಗದಲ್ಲಿ ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಕೆಡದಿದ್ದ ಔಷಧಿಯನ್ನು ಎಸೆಯಿಸಿ, ಔಷಧಿಯೇ ಇಲ್ಲದಂತೆ ಮಾಡಿದವನು ನಾನು.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ನಿಯಮ. ಮುದ್ರಿತ ಅವಧಿಯವರೆಗೆ ಅದು ಶಕ್ತಿ ಕಳೆದುಕೊಳ್ಳದಿರಲೆಂದು ಆ ನಿಯಮ. 9 ಡಿಗ್ರಿಗೆ ಏರಿದೊಡನೆ ಅದು ನೀರಾಗುವುದಿಲ್ಲ. ಬಳಕೆಯಲ್ಲಿರುವ ಸೀಸೆ ಅಥವಾ ಪೆನ್ನನ್ನು 30 ಡಿಗ್ರಿ ಮೀರದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಟ್ಟುಕೊಳ್ಳಬಹುದು. ಅವಧಿ ಬಗೆಯಿಂದ ಬಗೆಗೆ ಬದಲಾಗುವುದರಿಂದ ಪೊಟ್ಟಣದೊಳಗಿನ ಚೀಟಿಯನ್ನು ನೋಡಬೇಕು. ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೆನ್ಯಾದ ನಿರಾಶ್ರಿತರ ಶಿಬಿರದ ಹವೆಯನ್ನು ಅನುಸರಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್, ಫ್ರಿಜ್ಜಿನಲ್ಲಿಟ್ಟದ್ದರಷ್ಟೇ ಶಕ್ತಿ ಉಳಿಸಿಕೊಂಡಿತ್ತು. ಜುಲೈ ತಿಂಗಳ ಮಲೆನಾಡಿನ ಮನೆ ಅದಕ್ಕಿಂತ ಎಷ್ಟೋ ತಂಪು.

ಇದನ್ನು ಓದಿ ಯಾರೂ ಫ್ರಿಜ್ಜನ್ನು ನಿರ್ಲಕ್ಷಿಸಬಾರದು. ಹೊರಗಿಟ್ಟ ಸೀಸೆಯ ಮೇಲೆ ತಾರೀಖು ಬರೆದು ನಾಲ್ಕು ವಾರದೊಳಗೆ ಬಳಸುವುದು, ಸಕ್ಕರೆಯನ್ನು ಹೆಚ್ಚು ಬಾರಿ ಪರೀಕ್ಷಿಸುವುದು, ನಿಮ್ಮ ವೈದ್ಯರನ್ನು ಕೇಳುವುದು ಇವು ಅಗತ್ಯ. ನಾನು ಹೇಳುತ್ತಿರುವುದು ಇಷ್ಟೆ: ಕರೆಂಟು ಹೋದಾಗ ಇನ್ಸುಲಿನ್ ನಿಲ್ಲಿಸುವುದು, ತುಸು ಬೆಚ್ಚಗಾದ ಇನ್ಸುಲಿನ್ ಬಳಸುವುದಕ್ಕಿಂತ ಬಹಳ ಹೆಚ್ಚು ಅಪಾಯಕಾರಿ.

ಇನ್ಸುಲಿನ್ನಿಗೆ ನಿಜವಾದ ಶತ್ರುಗಳು ಎರಡು. ಒಂದು, ಹೆಪ್ಪುಗಟ್ಟುವುದು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಸರಿಯಿದ್ದರೂ ಅದನ್ನು ಎಸೆಯಲೇಬೇಕು. ಒಂದು ಬಾಗಿಲಿನ ಸಣ್ಣ ಫ್ರಿಜ್ಜಿನಲ್ಲಿ ಹಿಮದ ಖಾನೆಯ ಕೆಳಗೆ ಮತ್ತು ಹಿಂಗೋಡೆಗೆ ತಾಗಿ ಇಟ್ಟದ್ದು ಹೆಪ್ಪುಗಟ್ಟಬಹುದು; ನಡುವಿನ ತಟ್ಟೆಯ ಮುಂಭಾಗ ಅಥವಾ ಬಾಗಿಲಿನ ಖಾನೆ ವಾಸಿ. ವಿಮಾನದಲ್ಲಿಯೂ ಇದೇ ಕಾರಣಕ್ಕೆ ಅದು ಕೈಚೀಲದಲ್ಲಿರಬೇಕು. ಎರಡನೆಯ ಶತ್ರು ಅತಿಯಾದ ಬಿಸಿ, ಮುಖ್ಯವಾಗಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರು. ಕತಾರಿನ ಡೇರೆಯ ಋತುವಿನಲ್ಲಿ ನೆರಳಿನ ಹವೆ ಇನ್ಸುಲಿನ್ನಿಗೆ ಹಿತವಾಗಿಯೇ ಇರುತ್ತದೆ; ಅದನ್ನು ಕೆಡಿಸುವುದು ಕಾರಿನ ಡ್ಯಾಶ್‌ಬೋರ್ಡು.

ಕರೆಂಟು ಹೋದಾಗ ಮುಚ್ಚಿಟ್ಟ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನಿಟ್ಟರೆ ಇನ್ನೂ ಹೆಚ್ಚು ಹೊತ್ತು. ಅಷ್ಟು ಹೊತ್ತು ಬ್ಯಾಟರಿಯ ಅಗತ್ಯವೇ ಇಲ್ಲ. ನಿಲುಗಡೆ ಒಂದು ದಿನ ದಾಟುವಂತಿದ್ದರೆ ಇಡೀ ಫ್ರಿಜ್ಜನ್ನು ಉಳಿಸುವ ಹಟ ಬಿಟ್ಟು ಔಷಧಿಯನ್ನಷ್ಟೇ ಉಳಿಸಬೇಕು. ಬಟ್ಟೆ ಸುತ್ತಿದ ಮಂಜುಗಡ್ಡೆಯ ಪಕ್ಕದಲ್ಲಿ, ಆದರೆ ಅದಕ್ಕೆ ತಾಗದಂತೆ, ಥರ್ಮೋಕೋಲ್ ಡಬ್ಬಿಯಲ್ಲಿಡಬಹುದು. ಇಲ್ಲವೇ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ, ನೀರು ಸೋಂಕದ ಡಬ್ಬಿಯೊಳಗೆ ಇಡಬಹುದು. ಆವಿಯಾಗುವಿಕೆಯಿಂದ ತಂಪಾಗುವ ಮಡಕೆ ಬಯಲುಸೀಮೆಯ ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ಬೆವರು ಸೆಕೆಯಲ್ಲಿ ಅಷ್ಟಾಗಿ ಇಲ್ಲ. ಫ್ರಿಜ್ಜಿನೊಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟರೆ ಊಹೆಗೆ ಎಡೆಯಿಲ್ಲ; ಅಂದು ಅದೊಂದಿದ್ದರೆ ನಾನು ಅಮ್ಮನನ್ನು ಕೇಳಬಹುದಾಗಿತ್ತು.

ಕೊಳ್ಳುವ ಮೊದಲು

ಒಟ್ಟಿನಲ್ಲಿ ಅಂಗಡಿಗೆ ಹೋಗುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಐದು. ಫ್ರಿಜ್ಜಿನಲ್ಲಿ ಉಳಿಯಲೇಬೇಕಾದುದು ಯಾವುದು? ಕರೆಂಟು ಸಾಮಾನ್ಯವಾಗಿ ಎಷ್ಟು ಗಂಟೆ ಹೋಗುತ್ತದೆ, ಕೆಟ್ಟ ಮಳೆಯಲ್ಲಿ ಎಷ್ಟು ದಿನ? ಕಂಪ್ರೆಸರ್ ಹಳೆಯ ಮಾದರಿಯದೋ, ಇನ್ವರ್ಟರ್ ಮಾದರಿಯದೋ? ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿದೆ? ಬ್ಯಾಟರಿಯನ್ನು ನೋಡಿಕೊಳ್ಳುವವರು ಯಾರು? ಇವುಗಳಿಗೆ ಉತ್ತರ ಸಿಕ್ಕಿದ ಮೇಲೆ ವಿಎ, ಆಂಪಿಯರ್-ಅವರ್‌ಗಳು ಕೂಡಿಸಿ ಭಾಗಿಸುವ ಲೆಕ್ಕವಷ್ಟೆ.

ನಮ್ಮ ಮನೆಯಲ್ಲಿ ಈಗ 1,100 ವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್, 150 ಆಂಪಿಯರ್-ಅವರ್ ಬ್ಯಾಟರಿ, ಫ್ರಿಜ್ಜಿಗೆ ಪ್ರತ್ಯೇಕ ಲೈನು ಇವೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಪಕ್ಕದ ಮನೆಯವರ ಮತ್ತು ಔಷಧಿ ಅಂಗಡಿಯ ಫೋನ್ ನಂಬರುಗಳು, ಅವುಗಳ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇದೆ: ‘ಕರೆಂಟು ಹೋದರೆ ಇನ್ಸುಲಿನ್ ಎಸೆಯಬೇಡಿ, ನಿಲ್ಲಿಸಬೇಡಿ.’